ಅಂಚಿನಲ್ಲಿ ನಿಂತವರ ಮುಖ



ಮನೆಯಲ್ಲಿ ಭೂತಗನ್ನಡಿ ಇದ್ದರೆ ದಯವಿಟ್ಟು ಈಗಲೇ ಕೈಗೆ ತೆಗೆದುಕೊಳ್ಳಿ. ಇವತ್ತಿನ ಪತ್ರಿಕೆಯ ಮೇಲೆ ಹಿಡಿದು ನಿಧಾನವಾಗಿ ಮೇಲಕ್ಕೆತ್ತಿ. ನಡುವಿನ ಅಕ್ಷರಗಳು ದಪ್ಪಗೆ, ಕಪ್ಪಗೆ, ಚೊಕ್ಕವಾಗಿ ಕಾಣುತ್ತವೆ. ಈಗ ಕಣ್ಣನ್ನು ಗಾಜಿನ ಅಂಚಿನ ಕಡೆಗೆ ಸರಿಸಿ. ನೇರವಾಗಿದ್ದ ಸಾಲು ಅಲ್ಲಿ ಬಾಗಿದೆ. ಒತ್ತಕ್ಷರ ಯಾವುದು, ಕೊಂಬು ಯಾವುದು ಎಂದು ಬಿಡಿಸಿ ಓದಲಾಗದಷ್ಟು ಕಲಸಿಹೋಗಿದೆ. ಇನ್ನೂ ಹತ್ತಿರದಿಂದ ನೋಡಿದರೆ ಅಕ್ಷರದ ಒಂದು ಮಗ್ಗುಲಿಗೆ ನೀಲಿ ಗೆರೆ, ಇನ್ನೊಂದು ಮಗ್ಗುಲಿಗೆ ಕೆಂಪು ಗೆರೆ. ಗಾಜು ಒಂದೇ, ಹಾಳೆ ಒಂದೇ. ಆದರೂ ನಡುವಿಗೊಂದು ನ್ಯಾಯ, ಅಂಚಿಗೊಂದು ನ್ಯಾಯ.

ನಾನು ಇವತ್ತು ಮಾತಾಡಲು ಬಂದಿರುವುದು ಈ ಅಂಚಿನ ಬಗ್ಗೆ. ಕ್ಯಾಮೆರಾದ ಲೆನ್ಸಿನ ಬಾಯಿಗೆ, ಡಬ್ಬಿಗೆ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸಿ ಕೂರಿಸುವ ಹೆಚ್ಚುವರಿ ಗಾಜುಗಳಿವೆಯಲ್ಲ, ಅವು ಚಿತ್ರಕ್ಕೆ ಏನು ಮಾಡುತ್ತವೆ ಎಂಬುದರ ಬಗ್ಗೆ. ಲೆನ್ಸಿನ ಬಾಯಿಯ ಒಳಸುತ್ತಿನಲ್ಲಿ ಸಣ್ಣ ಥ್ರೆಡ್ ಇರುತ್ತದೆ. 49, 52, 58, 67, 77 ಮಿಲಿಮೀಟರ್ ಎಂದೆಲ್ಲ ಅದರ ಅಳತೆ. ಅಳತೆ ಹೊಂದಿದರೆ ಸಾಕು, ಯಾರು ಮಾಡಿದ ಗಾಜನ್ನೂ ಯಾರ ಲೆನ್ಸಿಗೂ ಕೂರಿಸಬಹುದು. ಹೊಂದದಿದ್ದರೆ ನಡುವೆ ಒಂದು ಬಳೆ ಹಾಕಿ ಕೂರಿಸಬಹುದು. ಇದರ ಅನುಕೂಲವೂ ಇದೇ, ಅಪಾಯವೂ ಇದೇ. ಥ್ರೆಡ್ ಹೊಂದಿದ ಮಾತ್ರಕ್ಕೆ ಬೆಳಕು ಹೊಂದಿಕೊಂಡಿತು ಎಂದು ನಾವು ನಂಬಿಬಿಡುತ್ತೇವೆ. ನಾನೂ ನಂಬಿದ್ದೆ.

ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಪೇಟೆಯಲ್ಲಿ ನಮ್ಮದು ಸ್ಟುಡಿಯೊ. ಅಪ್ಪ ಶುರುಮಾಡಿದ್ದು, ನಾನು ಮುಂದುವರಿಸಿದ್ದು. 2008ರ ಬೇಸಿಗೆಯಲ್ಲಿ ಊರಿನ ಹಳೆಯ ತೊಟ್ಟಿಮನೆಯೊಂದರಲ್ಲಿ ಮದುವೆ. ಅಂಗಳದಲ್ಲಿ ಚಪ್ಪರ ಹಾಕಿದ್ದರು, ಗುಂಪು ಫೋಟೊ ಅಲ್ಲೇ ತೆಗೆಯುವುದೆಂದು ನಿಶ್ಚಯವಾಗಿತ್ತು. ಧಾರೆ ಮುಗಿಯುವ ಹೊತ್ತಿಗೆ ಅಡ್ಡಮಳೆ ಹೊಡೆಯಿತು. ಮೂವತ್ತೆರಡು ಜನ ನಡುಮನೆಗೆ ನುಗ್ಗಿದರು. ನನ್ನ ಬೆನ್ನು ಗೋಡೆಗೆ ತಾಗಿತು, ಒಂದು ಹೆಜ್ಜೆ ಹಿಂದಕ್ಕೆ ಹೋಗುವ ಹಾಗಿಲ್ಲ. ನನ್ನ 18–55 ಲೆನ್ಸಿನ 18ರ ತುದಿಗೂ ಅಷ್ಟು ಜನ ಹಿಡಿಯಲಿಲ್ಲ. ಆಗ ಚೀಲದಲ್ಲಿದ್ದ ಹೊಸ ಡಬ್ಬಿಯ ನೆನಪಾಯಿತು. ಹಿಂದಿನ ವಾರವಷ್ಟೇ ಬೆಂಗಳೂರಿನಿಂದ ತಂದದ್ದು. ಒಂದು ವೈಡ್, ಒಂದು ಟೆಲಿ, ಎರಡೂ 58 ಮಿಲಿಮೀಟರಿನವು. ವೈಡ್ ಮೇಲೆ 0.45 ಎಂದು ಬರೆದಿತ್ತು. ಲೆಕ್ಕಕ್ಕೆ 18 ಇದ್ದದ್ದು 8 ಆಗುತ್ತದೆ. ತಿರುಗಿಸಿ ಕೂರಿಸಿದೆ. ವ್ಯೂಫೈಂಡರಿನಲ್ಲಿ ನಡುಮನೆಗೆ ನಡುಮನೆಯೇ ಒಳಗೆ ಬಂತು.

ಇನ್ನೇನು ಕ್ಲಿಕ್ ಮಾಡಬೇಕು, ಅಷ್ಟರಲ್ಲಿ ಮನೆಯ ಯಜಮಾನಿ ಅಡುಗೆಮನೆಯತ್ತ ತಿರುಗಿ "ನೀವೂ ಬನ್ರೇ" ಎಂದು ಕೂಗಿದರು. ಅಡುಗೆಗೆ ಬಂದಿದ್ದ ಮೂವರು ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಲಗಡೆಯ ಕೊನೆಯಲ್ಲಿ ನಿಂತರು.

ಹನ್ನೆರಡು ಹದಿನೆಂಟಿನ ದೊಡ್ಡ ಪ್ರಿಂಟು ಕೈಗೆ ಬಂದ ದಿನ ನನ್ನ ಎದೆ ಧಸಕ್ಕೆಂದಿತು. ನಡುವೆ ವಧೂವರರು ಚೆನ್ನಾಗಿಯೇ ಇದ್ದರು, ಬಾಸಿಂಗದ ಮುತ್ತು ಎಣಿಸಬಹುದಿತ್ತು. ಎರಡೂ ಪಕ್ಕದ ಮರದ ಕಂಬಗಳು ಬಾಳೆಕಾಯಿಯ ಹಾಗೆ ಬಾಗಿದ್ದವು. ಕೊನೆಯಲ್ಲಿ ನಿಂತಿದ್ದ ಹೆಂಗಸಿನ ಮುಖ ಮೂಲೆಯತ್ತ ಯಾರೋ ಎಳೆದಂತೆ ಓರೆಯಾಗಿ ಹಿಗ್ಗಿತ್ತು. ಕಣ್ಣಿಗೆ ರೆಪ್ಪೆಯಿಲ್ಲ, ಬರೀ ನೆರಳು. ಆಕೆಯ ಮೂಗುತಿ ಒಂದು ಹೊಳಪಾಗಿ ಕಾಣಬೇಕಿತ್ತು. ಅದು ಎರಡಾಗಿತ್ತು, ಒಂದು ನೀಲಿ ಚುಕ್ಕೆ, ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಒಂದು ವಾರ ಬಿಟ್ಟು ಆಕೆ ಅಂಗಡಿಗೇ ಬಂದರು. "ಅಣ್ಣಾ, ಅದರಾಗೆ ನನ್ನದೊಂದೇ ಬೇರೆ ಮಾಡಿ ಕೊಡ್ತೀರಾ? ನನ್ನ ಫೋಟೊ ಯಾವತ್ತೂ ತೆಗೆಸಿಲ್ಲ" ಎಂದರು. ನನ್ನ ಹತ್ತಿರ ಕೊಡುವಂಥದ್ದು ಏನೂ ಇರಲಿಲ್ಲ.

ಗುಂಪು ಫೋಟೊದಲ್ಲಿ ಅಂಚಿಗೆ ನಿಲ್ಲುವವರು ಯಾರು ಎಂದು ಯೋಚಿಸಿ. ಮನೆಯವರು ನಡುವೆ, ಬೀಗರು ಪಕ್ಕದಲ್ಲಿ. ಕೊನೆಗೆ ಕರೆಸಿಕೊಂಡವರು, ಸಂಕೋಚದವರು, ಕೆಲಸದವರು ಅಂಚಿಗೆ. ಅವರ ಚಿತ್ರ ಬೇರೆಲ್ಲೂ ಇರುವುದಿಲ್ಲ. ಅಗ್ಗದ ಗಾಜು ತನ್ನ ದೋಷವನ್ನೆಲ್ಲ ಹೊತ್ತು ಹಾಕುವುದು ಅವರ ಮುಖದ ಮೇಲೆಯೇ. ಅಂದಿನಿಂದ ಲೆನ್ಸಿನ ಮುಂದೆ ಏನನ್ನೇ ತಿರುಗಿಸಲಿ, ನಾನು ಮೊದಲು ನೋಡುವುದು ಮೂಲೆಗಳನ್ನು.

ಯಾಕೆ ಹೀಗಾಗುತ್ತದೆ? ನೀವು ಕೈಯಲ್ಲಿ ಹಿಡಿದ ಭೂತಗನ್ನಡಿಯಲ್ಲೇ ಉತ್ತರ ಇದೆ. ಬೆಳಕು ಗಾಜಿನ ನಡುವೆ ಹೆಚ್ಚುಕಡಿಮೆ ನೇರವಾಗಿ ಹಾಯುತ್ತದೆ. ಅಂಚಿನಲ್ಲಿ ಓರೆಯಾಗಿ ಬಿದ್ದು, ಹೆಚ್ಚು ಬಾಗಿ ಹೊರಬರುತ್ತದೆ. ಬಾಗುವಾಗ ಎಲ್ಲ ಬಣ್ಣವೂ ಒಂದೇ ಸಮ ಬಾಗುವುದಿಲ್ಲ. ನೀಲಿ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ಹಾಗಾಗಿ ನೀಲಿಯ ಚಿತ್ರ ಒಂದು ಗಾತ್ರದಲ್ಲಿ, ಕೆಂಪಿನ ಚಿತ್ರ ಕೂದಲೆಳೆಯಷ್ಟು ಬೇರೆ ಗಾತ್ರದಲ್ಲಿ ಮೂಡುತ್ತದೆ. ನಡುವೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಅಂಚಿಗೆ ಹೋದಷ್ಟೂ ದೂರವಾಗುತ್ತವೆ. ಮೂಗುತಿ ಎರಡಾದದ್ದು ಹೀಗೆ.

ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿದೆ. ಕ್ರೌನ್ ಎಂಬ ಗಾಜಿನ ಪೀನ ಮಸೂರಕ್ಕೆ ಫ್ಲಿಂಟ್ ಎಂಬ ಇನ್ನೊಂದು ಗಾಜಿನ ನಿಮ್ನ ಮಸೂರವನ್ನು ಜೋಡಿಸಿದರೆ, ಒಂದು ಚದುರಿಸಿದ ಬಣ್ಣವನ್ನು ಮತ್ತೊಂದು ಕೂಡಿಸುತ್ತದೆ. ಇಂಗ್ಲೆಂಡಿನ ಜಾನ್ ಡಾಲೆಂಡ್ 1758ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಚೆಸ್ಟರ್ ಮೂರ್ ಹಾಲ್ ಎಂಬವರು ಅದನ್ನು ಮಾಡಿಸಿದ್ದರು. ಇಂಥ ಜೋಡಿಗಾಜಿಗೆ ಅಕ್ರೊಮ್ಯಾಟ್ ಎಂದು ಹೆಸರು. ಆ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ತೊಂದರೆ ಗಾಜಿನ ಮೈಯದು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯಿಂದಲೂ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ಎರಡು ಗಾಜು ಸೇರಿಸಿದಿರಿ ಎಂದರೆ ನಾಲ್ಕು ಮೈ, ನೂರಕ್ಕೆ ಹದಿನೈದರಷ್ಟು ಬೆಳಕು ಹೋಯಿತು. ಹೋದ ಬೆಳಕಿನ ಚಿಂತೆ ನನಗಿಲ್ಲ. ಹೋಗದೆ ಉಳಿದದ್ದರದು ಚಿಂತೆ. ಅದು ಗಾಜುಗಳ ನಡುವೆ ಅತ್ತಿತ್ತ ಪುಟಿದು, ಕೊನೆಗೆ ಚಿತ್ರದ ಮೇಲೆ ತೆಳ್ಳನೆಯ ಮಂಜಿನಂತೆ ಹರಡುತ್ತದೆ. ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಕಿಟಕಿಯೋ ದೀಪವೋ ಎದುರಿಗಿದ್ದರೆ ಬೆಳಕಿನ ಬಿಲ್ಲೆಗಳು ಮೂಡುತ್ತವೆ. ಈ ಪುಟಿತ ತಡೆಯುವ ತೆಳು ಲೇಪನವನ್ನು 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದರು. ಇವತ್ತಿನ ಒಳ್ಳೆಯ ಲೇಪನದಲ್ಲಿ ನಾಲ್ಕು ಪಾಲು ಇದ್ದದ್ದು ಅರ್ಧ ಪಾಲಿಗಿಂತ ಕೆಳಗೆ ಇಳಿಯುತ್ತದೆ. ಅಂಗಡಿಯಲ್ಲಿ ಗಾಜನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಲೈಟಿನ ಬಿಂಬ ಬೆಳ್ಳಗೆ ಪ್ರಖರವಾಗಿ ಕಂಡರೆ ಲೇಪನ ಇಲ್ಲ. ಮಂದವಾಗಿ ಹಸಿರೋ ನೇರಳೆಯೋ ಕಂಡರೆ ಇದೆ.

ಈಗ ಟೆಲಿಯ ವಿಷಯ. ಜಾತ್ರೆಯ ದಿನ ತೇರಿನ ಕಳಶವನ್ನು ಹತ್ತಿರ ತರಬೇಕೆಂದು ಎಷ್ಟು ಹುಡುಗರು ಇದನ್ನು ಕೊಳ್ಳುತ್ತಾರೋ! ಮುಂದಕ್ಕೆ ತಿರುಗಿಸುವ ಟೆಲಿ ಗಾಜು ಎಂದರೆ ಗೆಲಿಲಿಯೊ 1609ರಲ್ಲಿ ಆಕಾಶಕ್ಕೆ ತಿರುಗಿಸಿದ ದೂರದರ್ಶಕವೇ. ಮುಂದೆ ಪೀನ, ಹಿಂದೆ ನಿಮ್ನ. ಅದನ್ನೇ ತಿರುವುಮುರುವು ಮಾಡಿದರೆ ವೈಡ್. ಬೈನಾಕ್ಯುಲರನ್ನು ಉಲ್ಟಾ ಹಿಡಿದು ನೋಡಿದ ಮಕ್ಕಳಿಗೆ ಇದು ಹೇಳದೆಯೇ ಗೊತ್ತು.

ಟೆಲಿಯ ಲೆಕ್ಕವೊಂದನ್ನು ಸಾವಧಾನವಾಗಿ ಕೇಳಿ. 200 ಮಿಲಿಮೀಟರಿನ ಲೆನ್ಸು, ಅಪರ್ಚರ್ ಎಫ್ 5.6 ಎಂದಿಟ್ಟುಕೊಳ್ಳಿ. ಇನ್ನೂರನ್ನು 5.6ರಿಂದ ಭಾಗಿಸಿದರೆ ಸುಮಾರು 36. ಅಂದರೆ 36 ಮಿಲಿಮೀಟರ್ ಅಗಲದ ಬೆಳಕಿನ ಕಂಬ ಆ ಲೆನ್ಸಿಗೆ ಬೇಕು. ಅದರ ಮುಂದೆ 2.2 ಪಟ್ಟಿನ ಟೆಲಿ ಹಾಕಿದರೆ ಆ ಕಂಬ 79 ಮಿಲಿಮೀಟರ್ ಆಗಬೇಕು. ನೀವು ಕೊಂಡ ಗಾಜಿನ ಮುಂಭಾಗ 60 ಮಿಲಿಮೀಟರ್ ಇದ್ದರೆ ಉಳಿದದ್ದು ಎಲ್ಲಿಂದ ಬರಬೇಕು? ಕ್ಯಾಮೆರಾ ಎಫ್ 5.6 ಎಂದೇ ತೋರಿಸುತ್ತಿರುತ್ತದೆ. ನಿಜದಲ್ಲಿ ಒಳಗೆ ಬರುವುದು ಎಫ್ 7.3ರ ಬೆಳಕು. ಮೂಲೆಗಳಿಗೆ ಅದೂ ಇಲ್ಲ, ಅಲ್ಲಿ ಕತ್ತಲೆ. ಮುಂದೆ ಹಾಕುವ ಟೆಲಿ ಬೆಳಕನ್ನು ಕಡಿಮೆ ಮಾಡುವುದಿಲ್ಲ ಎಂದು ಹೇಳುವುದುಂಟು. ಗಾಜು ಸಾಕಷ್ಟು ಅಗಲ ಇದ್ದರೆ ಅದು ನಿಜ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಟೆಲಿಯಾದರೆ 1.4 ಪಟ್ಟಿಗೆ ಒಂದು ಸ್ಟಾಪ್, 2 ಪಟ್ಟಿಗೆ ಎರಡು ಸ್ಟಾಪ್ ಬೆಳಕು ಹೋಗಿಯೇ ಹೋಗುತ್ತದೆ. ಆದರೆ ಅದನ್ನು ತಯಾರಿಸಿದವರು ಯಾವ ಲೆನ್ಸಿಗೆಂದು ಸಾಮಾನ್ಯವಾಗಿ ತಿಳಿದೇ ಮಾಡಿರುತ್ತಾರೆ.

ನಮ್ಮೂರಿನ ಹುಡುಗನೊಬ್ಬ ಇಂಥ ಟೆಲಿಯಿಂದ ತೆಗೆದ ಕಳಶದ ಚಿತ್ರ ತಂದು ತೋರಿಸಿದ. ಹಿತ್ತಾಳೆಯ ಹೊಳಪೆಲ್ಲ ಕರಗಿ, ಆಕಾಶದ ಬಿಳುಪಿಗೆ ತಾಗಿದ ಕಡೆಯಲ್ಲೆಲ್ಲ ನೇರಳೆ ಅಂಚು ಹೊಲಿದಂತಿತ್ತು. ಅದೇ ಜಾಗದಿಂದ ಟೆಲಿ ಇಲ್ಲದೆ ತೆಗೆದದ್ದೂ ಅವನ ಹತ್ತಿರ ಇತ್ತು. ಅದರ ನಡುಭಾಗವನ್ನು ಅಷ್ಟೇ ಕತ್ತರಿಸಿ ದೊಡ್ಡದು ಮಾಡಿ ಪಕ್ಕದಲ್ಲಿಟ್ಟೆ. ಕಳಶದ ಮೇಲಿನ ಕೆತ್ತನೆ ಬಿಡಿಬಿಡಿಯಾಗಿ ಕಂಡಿತು. ಅವನದು ಆರು ಸಾವಿರಕ್ಕೆ ನಾಲ್ಕು ಸಾವಿರ ಪಿಕ್ಸೆಲಿನ ಕ್ಯಾಮೆರಾ. 2.2 ಪಟ್ಟು ಕತ್ತರಿಸಿದರೂ 2700ಕ್ಕೆ 1800ರಷ್ಟು ಪಿಕ್ಸೆಲ್ ಉಳಿಯುತ್ತದೆ. ಅಂಗುಲಕ್ಕೆ ಮುನ್ನೂರು ಚುಕ್ಕೆಯಂತೆ ಮುದ್ರಿಸಿದರೆ ಒಂಬತ್ತು ಅಂಗುಲ ಉದ್ದ, ಆರು ಅಂಗುಲ ಅಗಲದ ಫೋಟೊ. ಮನೆಯ ಗೋಡೆಗೆ ಸಾಕಲ್ಲ? ಇದನ್ನು ಪ್ರತಿಯೊಬ್ಬರೂ ಮಾಡಿ ನೋಡಲೇಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕತ್ತರಿಸಿದ ಚಿತ್ರಕ್ಕಿಂತ ಟೆಲಿಯ ಚಿತ್ರ ಚೆನ್ನಾಗಿಲ್ಲದಿದ್ದರೆ ಆ ಗಾಜು ನಿಮಗೆ ಬೇಡ.

ಹಾಗೆಂದು ಮುಂದೆ ತಿರುಗಿಸುವ ಗಾಜೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ. ಅಪ್ಪನ ಕಾಲದ ಯಾಶಿಕಾ ಇಲೆಕ್ಟ್ರೊ 35 ಇನ್ನೂ ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಅದಕ್ಕೂ ಎರಡು ಜೊತೆಗಾಜು ಬರುತ್ತಿದ್ದವು. ಆದರೆ ಅವು 45 ಮಿಲಿಮೀಟರಿನ ಲೆನ್ಸನ್ನು ಹೆಚ್ಚೆಂದರೆ 58ಕ್ಕೆ ಎಳೆಯುತ್ತಿದ್ದವು, ಕಡಿಮೆಯೆಂದರೆ 38ಕ್ಕೆ ಇಳಿಸುತ್ತಿದ್ದವು. ಅಷ್ಟೇ. ಆ ಲೆನ್ಸಿನ ಮೈಕಟ್ಟು ಗೊತ್ತಿದ್ದವರು, ಅದು ತಾಳುವಷ್ಟನ್ನೇ ಕೇಳಿದ್ದರು. ಈಚಿನ ಫುಜಿ ಎಕ್ಸ್ 100 ಸರಣಿಯ ಕ್ಯಾಮೆರಾಗಳಿಗೂ ಹೀಗೆಯೇ, 23 ಮಿಲಿಮೀಟರನ್ನು 19 ಮಾಡುವ ಒಂದು, 33 ಮಾಡುವ ಒಂದು ತಿರುಪುಗಾಜು ಇದೆ. ಆ ಒಂದೇ ಲೆನ್ಸಿಗಾಗಿ ಲೆಕ್ಕ ಹಾಕಿ ಮಾಡಿದ್ದರಿಂದ ಅವುಗಳ ಚಿತ್ರ ಚೆನ್ನಾಗಿರುತ್ತದೆ. ಯಾವ ಲೆನ್ಸಿಗಾದರೂ ಸರಿ, 58 ಆದರೆ ಸಾಕು ಎಂದು ಮಾಡಿದ 0.45ರ ಗಾಜಿಗೆ ಯಾವ ಲೆನ್ಸಿನ ಪರಿಚಯವೂ ಇಲ್ಲ.

ನನಗೆ ಬಹಳ ಪ್ರೀತಿಯ ಗಾಜೊಂದಿದೆ. ಅದರ ಬಗ್ಗೆ ಹೇಳದೆ ಹೋದರೆ ಈ ಮಾತು ಪೂರ್ತಿಯಾಗುವುದಿಲ್ಲ. ಕ್ಲೋಸ್‌ಅಪ್ ಗಾಜು, ಹತ್ತಿರದ ಸಣ್ಣ ವಸ್ತುವನ್ನು ದೊಡ್ಡದಾಗಿ ಹಿಡಿಯುವುದಕ್ಕೆ. ಕನ್ನಡಕದ ನಂಬರಿನ ಹಾಗೆ ಇದಕ್ಕೂ ಪ್ಲಸ್ ಒಂದು, ಪ್ಲಸ್ ಎರಡು, ಪ್ಲಸ್ ನಾಲ್ಕು ಎಂದು ನಂಬರು. ಒಂದು ಮೀಟರನ್ನು ಆ ನಂಬರಿನಿಂದ ಭಾಗಿಸಿದರೆ ಸಿಗುವುದೇ ಅದರ ದೂರ. ಪ್ಲಸ್ ಎರಡಕ್ಕೆ ಅರ್ಧ ಮೀಟರ್, ಪ್ಲಸ್ ನಾಲ್ಕಕ್ಕೆ 25 ಸೆಂಟಿಮೀಟರ್. ಲೆನ್ಸನ್ನು ಅನಂತಕ್ಕೆ ಇಟ್ಟರೆ ಆ ದೂರದಲ್ಲಿರುವುದು ಫೋಕಸ್ ಆಗುತ್ತದೆ. ಎಷ್ಟು ದೊಡ್ಡದಾಗಿ ಬರುತ್ತದೆ ಎಂಬುದು ಹಿಂದಿರುವ ಲೆನ್ಸಿಗೆ ಬಿಟ್ಟದ್ದು. ಪ್ಲಸ್ ನಾಲ್ಕರ ಹಿಂದೆ 50 ಮಿಲಿಮೀಟರಿನ ಲೆನ್ಸು ಇದ್ದರೆ ವಸ್ತುವಿನ ಐದನೇ ಒಂದು ಪಾಲು ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡುತ್ತದೆ. 200 ಇದ್ದರೆ ಐದರಲ್ಲಿ ನಾಲ್ಕು ಪಾಲು. ಹಾಗಾಗಿ ಇದು ಟೆಲಿ ಲೆನ್ಸಿನ ಮೂತಿಗೆ ಒಪ್ಪುವ ಒಡವೆ.

ಮೂರು ನಾಲ್ಕು ಒಂದೇ ಡಬ್ಬಿಯಲ್ಲಿ ಬರುವ ಅಗ್ಗದ ಕ್ಲೋಸ್‌ಅಪ್ ಗಾಜುಗಳು ಒಂಟಿಗಾಜು, ನಿಮ್ಮ ಭೂತಗನ್ನಡಿಯ ತಂಗಿಯರು. ಪ್ಲಸ್ ಒಂದರಲ್ಲಿ ಪರವಾಗಿಲ್ಲ, ಮೂರು ಸೇರಿಸಿ ತಿರುಗಿಸಿದಿರೋ, ಅಂಚೆಲ್ಲ ಕರಗಿತು. ಜೋಡಿಗಾಜಿನದ್ದು ಬೇರೆಯೇ ಜಾತಿ. ಡಾಲೆಂಡರ ಆ ಹಳೆಯ ಉಪಾಯ ಇಲ್ಲಿ ಕೈಹಿಡಿಯುತ್ತದೆ. ಕ್ಯಾನನ್‌ನ 500ಡಿ ಎಂಬ ಪ್ಲಸ್ ಎರಡರ ಗಾಜು ಹೀಗೆ ಎರಡು ಗಾಜು ಕೂಡಿದ್ದು. ರೇನಾಕ್ಸ್‌ನ ಡಿಸಿಆರ್ 250 ಎಂಬುದು ಪ್ಲಸ್ ಎಂಟು, ಅದರೊಳಗೆ ಮೂರು ಗಾಜು.

ಒಂದು ಬೆಳಿಗ್ಗೆ ನಮ್ಮ ಹಿತ್ತಿಲ ಕನಕಾಂಬರ ಗಿಡದ ಎಲೆಯ ಮೇಲೆ ಒಂದು ಜಿಗಿಯುವ ಜೇಡ ಕುಳಿತಿತ್ತು. ಅಕ್ಕಿಕಾಳಿಗಿಂತ ಚಿಕ್ಕದು. ಮೊದಲು ಪ್ಲಸ್ ನಾಲ್ಕರ ಒಂಟಿಗಾಜು ತಿರುಗಿಸಿ ತೆಗೆದೆ. ನಾಲ್ಕು ಮುಂಗಣ್ಣುಗಳೂ ಕಂಡವು, ಸುತ್ತ ಹಾಲಿನ ತೆರೆಯಂಥ ಮಬ್ಬು, ಕಾಲಿನ ಕೂದಲುಗಳಿಗೆ ನೇರಳೆ ಗೆರೆ. ಜೇಡ ಕದಲಲಿಲ್ಲ, ನನ್ನ ಪುಣ್ಯ. ಅಷ್ಟೇ ನಂಬರಿನ ಜೋಡಿಗಾಜು ತಿರುಗಿಸಿದೆ. ಅಪರ್ಚರ್ ಎಫ್ 11. ಈ ಸಲ ದೊಡ್ಡ ಎರಡು ಕಣ್ಣುಗಳ ಒಳಗೆ ನಮ್ಮ ಮನೆಯ ಹೆಂಚಿನ ಸೂರಿನ ಗೆರೆ, ಅದರ ಮೇಲೆ ಆಕಾಶದ ತುಂಡು, ನಡುವೆ ಬಗ್ಗಿ ನಿಂತ ನನ್ನ ತಲೆಯ ಕಪ್ಪು. ಅಂಗೈಯಗಲದ ಗಾಜು ಇಷ್ಟನ್ನು ಕೊಟ್ಟಾಗ ಕೃತಜ್ಞತೆಯಿಂದ ಕಣ್ಣು ತುಂಬುತ್ತದೆ. ದುಬಾರಿ ಮ್ಯಾಕ್ರೊ ಲೆನ್ಸು ಕೊಳ್ಳಲಾಗದ ಶಾಲೆಯ ಮಕ್ಕಳಿಗೆ, ತೋಟದ ಹುಳಗಳನ್ನು ದಾಖಲಿಸುವ ರೈತರಿಗೆ ನಾನು ಮೊದಲು ಹೇಳುವುದು ಇದನ್ನೇ. ಹುಳದ ಚಿತ್ರದಲ್ಲಿ ನಮಗೆ ಬೇಕಾದದ್ದು ನಡುವೆ ಇರುತ್ತದೆ, ಅಂಚು ಹೇಗೂ ಫೋಕಸಿನ ಹೊರಗೆ ಮಸುಕಾಗಿರುತ್ತದೆ. ಗಾಜಿನ ಕೊರತೆ ಬೀಳುವ ಜಾಗದಲ್ಲಿ ಯಾರ ಮುಖವೂ ಇರುವುದಿಲ್ಲ.

ಮನೆಯಲ್ಲಿ ಹಳೆಯ 50 ಮಿಲಿಮೀಟರ್ ಲೆನ್ಸು ಬಿದ್ದಿದ್ದರೆ ಅದನ್ನೇ ಉಲ್ಟಾ ಮಾಡಿ, ಎರಡೂ ಕಡೆ ಥ್ರೆಡ್ ಇರುವ ಬಳೆಯಿಂದ 200ರ ಮುಂದೆ ಸೇರಿಸಿ. ಅದು ಪ್ಲಸ್ ಇಪ್ಪತ್ತರ ಕ್ಲೋಸ್‌ಅಪ್ ಆಗುತ್ತದೆ, ವಸ್ತು ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಗಾಜುಗಳ ಸಂಖ್ಯೆ ಐದಾರು ಹೆಚ್ಚಿದರೂ ಚಿತ್ರ ಕೆಡುವುದಿಲ್ಲ, ಏಕೆಂದರೆ ಅವು ಒಂದರ ತಪ್ಪನ್ನು ಒಂದು ತಿದ್ದಿಕೊಳ್ಳುವ ಗಾಜುಗಳು.

ಲೆನ್ಸಿನ ಹಿಂಭಾಗದ ತಿರುಪಿನ ಬಗ್ಗೆಯೂ ಹಲವರು ಕೇಳುತ್ತಾರೆ. ಪ್ರಾಕ್ಟಿಕಾ, ಜೆನಿಟ್, ಹಳೆಯ ಪೆಂಟಾಕ್ಸ್‌ಗಳ ಎಂ 42 ಲೆನ್ಸುಗಳು, ಅಂದರೆ 42 ಮಿಲಿಮೀಟರ್ ಅಗಲದ ತಿರುಪಿನವು. ಇವು ಸೆನ್ಸರಿನಿಂದ 45.46 ಮಿಲಿಮೀಟರ್ ದೂರದಲ್ಲಿ ಕೂರಬೇಕು. ಕ್ಯಾನನ್ ಇಓಎಸ್‌ನಲ್ಲಿ ಆ ದೂರ 44, ಹಾಗಾಗಿ ಒಂದೂವರೆ ಮಿಲಿಮೀಟರಿನ ಬರೀ ಬಳೆ ಸಾಕು, ಗಾಜಿಲ್ಲ, ಚಿತ್ರಕ್ಕೆ ನಷ್ಟವೂ ಇಲ್ಲ. ನಿಕಾನ್ ಎಸ್‌ಎಲ್‌ಆರ್‌ನಲ್ಲಿ 46.5. ಒಂದು ಮಿಲಿಮೀಟರ್ ಹೆಚ್ಚಾಯಿತು. ಆ ಒಂದು ಮಿಲಿಮೀಟರಿಗೇ 50ರ ಲೆನ್ಸಿನಲ್ಲಿ ಸುಮಾರು ಎರಡೂವರೆ ಮೀಟರಿನಾಚೆಯದೆಲ್ಲ ಫೋಕಸಿಗೆ ಸಿಗದೆ ಹೋಗುತ್ತದೆ. ಅದನ್ನು ಸರಿಪಡಿಸಲು ಬಳೆಯೊಳಗೆ ಒಂದು ಪುಟ್ಟ ಗಾಜು ಇಡುತ್ತಾರೆ. ಹಳೆಯ ಒಳ್ಳೆಯ ಲೆನ್ಸಿನ ಹದವನ್ನು ಕೆಡಿಸುವುದು ಹೆಚ್ಚಾಗಿ ಆ ಗಾಜೇ. ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಈ ಕಷ್ಟವಿಲ್ಲ.

ಕೊಂಡ ಗಾಜನ್ನು ಪರೀಕ್ಷಿಸಲು ಒಂದು ಪತ್ರಿಕೆ ಸಾಕು. ಗೋಡೆಗೆ ಎರಡು ಹಾಳೆ ನೆಟ್ಟಗೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಹಾಳೆಗೆ ಸರಿಯಾಗಿ ಎದುರಿಗಿಟ್ಟು, ಎಫ್ 4, ಎಫ್ 8, ಎಫ್ 11ರಲ್ಲಿ ತೆಗೆಯಿರಿ. ಗಾಜು ಹಾಕಿ ಒಮ್ಮೆ, ತೆಗೆದು ಒಮ್ಮೆ. ಕನ್ನಡದ ಅಚ್ಚು ಇದಕ್ಕೆ ಹೇಳಿ ಮಾಡಿಸಿದ್ದು. ಮೂಲೆಯಲ್ಲಿರುವ ಷ್ಟ, ಕ್ಷ್ಮ, ತ್ತ್ವಗಳ ಒತ್ತು ಬಿಡಿಸಿ ಓದಲಾದರೆ ಗಾಜು ಗೆದ್ದಿತು. ಅಪರ್ಚರ್ ಕಿರಿದು ಮಾಡಿದಂತೆ ಮಬ್ಬು ಹೋಗುತ್ತದೆ, ಬಣ್ಣದ ಅಂಚು ಹೋಗುವುದಿಲ್ಲ, ಅದನ್ನು ಕಂಪ್ಯೂಟರಿನಲ್ಲಿ ಕೈಯಾರೆ ತಿದ್ದಬೇಕು. ಎಡಮೂಲೆ ಚೆನ್ನಾಗಿದ್ದು ಬಲಮೂಲೆ ಮಾತ್ರ ಕೆಟ್ಟಿದ್ದರೆ ಗಾಜು ಓರೆಯಾಗಿ ಕೂತಿದೆ. ಕೂರಿಸುವಾಗ ಮೊದಲು ಹಿಂದಕ್ಕೆ ತಿರುಗಿಸಿ, ಟಕ್ಕೆಂದು ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಹಾಕುವವರ ಕೈಗೆ ಇದು ಗೊತ್ತಿರುತ್ತದೆ. ಮಳೆಗಾಲದಲ್ಲಿ ಗಾಜನ್ನು ಲೆನ್ಸಿನ ಮೇಲೆಯೇ ಬಿಟ್ಟು ಇಡಬೇಡಿ. ನಡುವೆ ಸಿಕ್ಕ ತೇವ ಬೂಷ್ಟು ಕಟ್ಟಿಸುತ್ತದೆ.

ಆ ತೊಟ್ಟಿಮನೆಯಲ್ಲಿ ಕೆಲವು ವರ್ಷಗಳ ಮೇಲೆ ಉಪನಯನ. ನನ್ನನ್ನೇ ಕರೆದರು. ಅವತ್ತು ಬಿಸಿಲಿತ್ತು. ಎಲ್ಲರನ್ನೂ ಅಂಗಳಕ್ಕೆ ಇಳಿಸಿ, ಮೂರು ಸಾಲು ಮಾಡಿ, ನಾನು ಎದುರಿನ ಜಗಲಿ ಹತ್ತಿ ಗೋಡೆಗೆ ಒರಗಿ, ಲೆನ್ಸಿನ ಮುಂದೆ ಏನೂ ಇಲ್ಲದೆ ಎಫ್ 8ರಲ್ಲಿ ತೆಗೆದೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋದೆ. ಅದೇ ಹೆಂಗಸು ಒಲೆಯ ಮುಂದಿದ್ದರು. "ಅಕ್ಕಾ, ಒಂದು ನಿಮಿಷ ಈ ಕಡೆ ಬೆಳಕಿಗೆ ಬನ್ನಿ" ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಬಾಗಿಲ ಚೌಕಟ್ಟಿನ ನಡುವೆ ನಿಂತರು. ಮಾರನೆಯ ದಿನ ಪ್ರಿಂಟು ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಚೌಕಟ್ಟು ನೆಟ್ಟಗಿತ್ತು. ರೆಪ್ಪೆಗಳು ಎಣಿಸುವ ಹಾಗಿದ್ದವು. ಮೂಗುತಿಯಲ್ಲಿ ಒಂದೇ ಒಂದು ಬಿಳಿಯ ಹೊಳಪು.